ಆಸ್ಪತ್ರೆಯ ಬಿಲ್ಲೂ ಒಂದು ಸಾಲಪತ್ರ, ಓದಿ ಸಹಿ ಹಾಕಿ



ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ತಗೊಂಡು ಹೋದಾಗ ನಾವು ಏನು ಮಾಡುತ್ತೇವೆ? ತೂಕದ ಚೀಟಿ ಕೈಗೆ ಬಂದ ಕೂಡಲೇ ಅದರ ಮೇಲೆ ಕಣ್ಣು ಹಾಯಿಸುತ್ತೇವೆ. ತೇವಾಂಶ ಎಷ್ಟು ಬರೆದ, ಹಮಾಲಿ ಎಷ್ಟು ಮುರಿದ, ಚೀಲದ ತೂಕ ಎಷ್ಟು ಕಳೆದ ಅಂತ ಕೇಳುತ್ತೇವೆ. ಎರಡು ಕೆ.ಜಿ. ಹೆಚ್ಚು ಕಳೆದರೆ ಜಗಳಕ್ಕೇ ನಿಲ್ಲುತ್ತೇವೆ. ಅದೇ ನಾವು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ ಒಂದೂವರೆ ಲಕ್ಷದ ಬಿಲ್ಲನ್ನು ಓದದೆ, ಕೇಳದೆ, ತಲೆ ಬಗ್ಗಿಸಿ ಕಟ್ಟಿ ಬರುತ್ತೇವೆ. ಮಾರುವಾಗ ಇದ್ದ ಬಾಯಿ ಕೊಳ್ಳುವಾಗ ಎಲ್ಲಿ ಹೋಯಿತು?

ಈ ಪತ್ರಿಕೆಯಲ್ಲಿ ಬೆಲೆಯ ಬಗ್ಗೆ, ಬ್ಯಾಂಕಿನ ಸಾಲದ ಬಗ್ಗೆ, ಬತ್ತಿದ ಬೋರ್‌ವೆಲ್ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಆದರೆ ಚನ್ನಗಿರಿಯ ತೋಟದವರಾಗಲಿ, ಹೊನ್ನಾಳಿಯ ಗದ್ದೆಯವರಾಗಲಿ, ನ್ಯಾಮತಿ, ಜಗಳೂರಿನ ಒಣಭೂಮಿಯವರಾಗಲಿ, ಅವರ ಸಾಲದ ಲೆಕ್ಕ ಬಿಚ್ಚಿ ಕೇಳಿ ನೋಡಿ. ಬೀಜ ಗೊಬ್ಬರದ ಪಕ್ಕದಲ್ಲೇ ಆಸ್ಪತ್ರೆ ಅಂತ ಒಂದು ಸಾಲು ಸಿಕ್ಕೇ ಸಿಗುತ್ತದೆ. ಈ ಸಾಲಕ್ಕೆ ಮನ್ನಾ ಇಲ್ಲ, ಬಡ್ಡಿ ರಿಯಾಯಿತಿ ಇಲ್ಲ, ಚಳವಳಿಯೂ ಇಲ್ಲ.

ಚನ್ನಗಿರಿ ಕಡೆಯ ನಮ್ಮ ಸ್ನೇಹಿತರೊಬ್ಬರ ಕತೆ ಹೇಳುತ್ತೇನೆ. ಎರಡು ಎಕರೆ ಅಡಿಕೆ ತೋಟ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಏಜೆಂಟನೊಬ್ಬ ಮನೆಗೇ ಬಂದು ಆರೋಗ್ಯ ವಿಮೆ ಮಾಡಿಸಿದ. ಅರ್ಜಿಯಲ್ಲಿ ಕಾಯಿಲೆ ಇದೆಯೇ ಅಂತ ಕೇಳುವ ಜಾಗದಲ್ಲಿ ಅವನೇ “ಇಲ್ಲ” ಅಂತ ಬರೆದ. “ಅದೆಲ್ಲಾ ಬರೆದ್ರೆ ಕಂತು ಜಾಸ್ತಿ ಆಗುತ್ತೆ ಗೌಡ್ರೆ, ಸುಮ್ನೆ ಸಹಿ ಹಾಕಿ” ಅಂದ. ಇವರು ಹಾಕಿದರು. ಹದಿನಾಲ್ಕು ತಿಂಗಳಾದ ಮೇಲೆ ಎದೆನೋವು ಬಂತು, ಹೃದಯಕ್ಕೆ ಸ್ಟೆಂಟ್ ಹಾಕಿದರು, ಬಿಲ್ಲು ಮೂರು ಲಕ್ಷ ಹತ್ತು ಸಾವಿರ. ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಖೇಣಿದಾರನ ಹತ್ತಿರ ಎರಡು ವರ್ಷದ ಫಸಲಿನ ಮೇಲೆ ಮುಂಗಡ ಹಣ ತಂದು ಕಟ್ಟಿದರು. ಆಮೇಲೆ ಅಡಿಕೆ ಧಾರಣೆ ಏರಿದರೂ ಏರಿದ ಲಾಭ ಖೇಣಿದಾರನ ಮನೆಗೆ ಹೋಯಿತು. ಕಂಪನಿಯ ಪತ್ರವನ್ನು ನನಗೆ ತಂದು ತೋರಿಸುವ ಹೊತ್ತಿಗೆ ವರ್ಷ ದಾಟಿತ್ತು. ವರ್ಷದೊಳಗೆ ಬಂದಿದ್ದರೆ ದೂರು ಕೊಡಲು ಒಂದು ಬಾಗಿಲಾದರೂ ಇತ್ತು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ವಿಮೆ ಅಂದರೆ ನಮಗೆ ಹೊಸದೇನಲ್ಲ. ಬೆಳೆ ವಿಮೆ ಕಟ್ಟಿ ಕಟ್ಟಿ ಜಗಳೂರಿನವರು ಪಂಡಿತರೇ ಆಗಿದ್ದಾರೆ. ಗಡುವಿನ ಒಳಗೆ ಕಟ್ಟಬೇಕು, ಅಧಿಸೂಚಿತ ಬೆಳೆಯೇ ಆಗಿರಬೇಕು, ಅರ್ಜಿಯಲ್ಲಿ ಬರೆದ ಬೆಳೆಯೂ ಹೊಲದಲ್ಲಿರುವ ಬೆಳೆಯೂ ಒಂದೇ ಆಗಿರಬೇಕು. ಆರೋಗ್ಯ ವಿಮೆಯೂ ಅಷ್ಟೇ. ಗಡುವು ಇದೆ, ಯಾವುದಕ್ಕೆ ಕೊಡುತ್ತಾರೆ ಅಂತ ಪಟ್ಟಿ ಇದೆ, ಅರ್ಜಿಯಲ್ಲಿ ಬರೆದದ್ದು ನಿಜವಾಗಿರಬೇಕು.

ಈಗ ನಮ್ಮ ಮುಂದಿರುವ ದಾರಿಗಳು ಮೂರು. ಒಂದೊಂದಾಗಿ ನೋಡೋಣ.

ಮೊದಲನೆಯದು ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. 2018ರಲ್ಲಿ ರಾಜ್ಯದ ಯೋಜನೆಯನ್ನೂ ಕೇಂದ್ರದ ಯೋಜನೆಯನ್ನೂ ಸೇರಿಸಿ ಮಾಡಿದ್ದು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್. ಕಾರ್ಡಿನವರಿಗೆ ಸರ್ಕಾರ ನಿಗದಿ ಮಾಡಿದ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಉಳಿದ 70 ನಿಮ್ಮ ಜೇಬಿನಿಂದ. ಇಲ್ಲೇ ಇರುವುದು ನೋಡಿ ಕೊಕ್ಕೆ. 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿಗಿಂತ ಹೆಚ್ಚಿದ್ದವನು ಬಿ.ಪಿ.ಎಲ್. ಅಲ್ಲ ಅನ್ನುತ್ತದೆ ಸರ್ಕಾರದ ಅಳತೆ. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಎಂಟು ಎಕರೆಯವನ ಮನೆಯಲ್ಲಿ ಎಂಟು ಚೀಲ ಕಾಳೂ ಇರುವುದಿಲ್ಲ. ಆದರೂ ಕಾಗದದ ಮೇಲೆ ಅವನು ಶ್ರೀಮಂತ!

ಈ ಯೋಜನೆಯಲ್ಲಿ ಇನ್ನೊಂದು ಮಾತು ನೆನಪಿಡಿ. ತುರ್ತು ಸ್ಥಿತಿ ಬಿಟ್ಟರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿದರೆ ಆಗದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ರೆಫರಲ್ ಚೀಟಿ ಕೊಡುತ್ತಾರೆ. ಹೊನ್ನಾಳಿ, ನ್ಯಾಮತಿಯವರು ಹತ್ತಿರ ಅಂತ ಶಿವಮೊಗ್ಗಕ್ಕೆ ಓಡುತ್ತೀರಿ, ಜಗಳೂರು, ಚನ್ನಗಿರಿಯವರು ದಾವಣಗೆರೆಗೆ ಓಡುತ್ತೀರಿ. ಓಡಿ, ಬೇಡ ಅನ್ನುವುದಿಲ್ಲ. ಆದರೆ ಚೀಟಿ ಜೇಬಿನಲ್ಲಿ ಇರಲಿ.

ಎರಡನೆಯದು ಯಶಸ್ವಿನಿ. ಇದು ನಮ್ಮದೇ ಯೋಜನೆ, ಸಹಕಾರ ಸಂಘದ ಸದಸ್ಯರದ್ದು. 2003ರ ಜೂನ್‌ನಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ. ಒಬ್ಬರ ಕಷ್ಟಕ್ಕೆ ನೂರು ಜನ ಹೆಗಲು ಕೊಡುವುದು ಅಂದರೆ ಇದೇ. ಇಂಥದ್ದನ್ನು 2018ರಲ್ಲಿ ನಿಲ್ಲಿಸಿ ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು. ತನ್ನ ದುಡ್ಡು ಕಟ್ಟಿ ಹಕ್ಕಿನಿಂದ ಚಿಕಿತ್ಸೆ ಪಡೆಯುತ್ತಿದ್ದ ಎ.ಪಿ.ಎಲ್. ರೈತ ರಾತ್ರೋರಾತ್ರಿ ಶೇಕಡಾ 30ರ ಗಿರಾಕಿಯಾದ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಆಗ ನಾವು ಎಷ್ಟು ಜನ ಬೀದಿಗೆ ಇಳಿದೆವು? ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು.

2023ರ ಜನವರಿ 1ರಿಂದ ಯಶಸ್ವಿನಿ ಮತ್ತೆ ಬಂದಿದೆ. ಆಗ ನಿಗದಿಯಾದಂತೆ ಗ್ರಾಮೀಣ ಸಹಕಾರಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100 ರೂಪಾಯಿ, ಚಿಕಿತ್ಸೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಪತ್ತಿನ ಸೊಸೈಟಿ, ಹಾಲಿನ ಡೇರಿ, ಯಾವುದರ ಸದಸ್ಯರಾದರೂ ಸರಿ. ಆದರೆ ಇದು ಮುಖ್ಯವಾಗಿ ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳಿಗೆ ಇರುವುದು, ಬಂದ ಬಂದ ಜ್ವರಕ್ಕೆಲ್ಲ ಅಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲೇ ಆಗಬೇಕು, ಆಪರೇಷನ್ನಿಗೆ ಮೊದಲೇ ಮಂಜೂರಾತಿ ಬರಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ಪ್ರತಿ ವರ್ಷ ಗಡುವಿನೊಳಗೆ ನವೀಕರಿಸಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು? ಐನೂರು ರೂಪಾಯಿ ಅಂದರೆ ಇವತ್ತು ಒಂದು ಕ್ರಿಮಿನಾಶಕದ ಡಬ್ಬಿಯ ಬೆಲೆ. ಬೆಳೆಗೆ ಕೊಡುವ ಗಮನ ಮೈಗೂ ಇರಲಿ.

ಮೂರನೆಯದು ಖಾಸಗಿ ವಿಮೆ. ಇದು ವ್ಯಾಪಾರ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಆಗಬಾರದು ಅಂದರೆ ಕೆಲವು ಮಾತು ತಿಳಿದಿರಬೇಕು. ಪಾಲಿಸಿ ಮಾಡಿಸಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಾಮಾನ್ಯವಾಗಿ ಕೊಡುವುದಿಲ್ಲ. ಮೊದಲೇ ಇದ್ದ ಬಿ.ಪಿ., ಸಕ್ಕರೆಯಂಥ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್‌ನಿಂದ ಅದು 36 ತಿಂಗಳು ಮೀರುವಂತಿಲ್ಲ. ಕಾಯಿಲೆ ಇದೆ ಅಂತ ಬರೆದು ಮೂರು ವರ್ಷ ಕಾಯುವುದು ಒಳ್ಳೆಯದೋ, ಇಲ್ಲ ಅಂತ ಬರೆದು ತೋಟ ಖೇಣಿಗೆ ಕೊಡುವುದು ಒಳ್ಳೆಯದೋ, ನೀವೇ ಹೇಳಿ. 60 ತಿಂಗಳು ಬಿಡದೆ ಕಂತು ಕಟ್ಟಿದ ಮೇಲೆ, ಬೇಕೆಂದೇ ಮಾಡಿದ ಮೋಸ ಅಂತ ಸಾಬೀತು ಮಾಡದ ಹೊರತು ಮುಚ್ಚಿಟ್ಟ ನೆಪ ಹೇಳಿ ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ. ಅದಕ್ಕೇ ಕಂತು ತಪ್ಪಿಸಬೇಡಿ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ, ಬೇಡ ಅನ್ನಿಸಿದರೆ ವಾಪಸ್ ಮಾಡಬಹುದು. ಎರಡು ಮೂರು ಹಾಳೆಯ ಗ್ರಾಹಕ ಮಾಹಿತಿ ಪತ್ರ ಅಂತ ಕೊಡಬೇಕು, ಕೇಳಿದರೆ ಅದನ್ನು ಕನ್ನಡದಲ್ಲೇ ಕೊಡಬೇಕು. ಕೇಳಿ! ಮನೆಯವರ ಹೆಸರಿನ ಪಾಲಿಸಿಗೆ ಇದ್ದ ಶೇಕಡಾ 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಅದನ್ನೂ ಲೆಕ್ಕ ಹಾಕಿಸಿ.

ಇನ್ನು ರೂಮು ಬಾಡಿಗೆಯ ಮಿತಿ. ಇದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ 3,000 ರೂಪಾಯಿ ರೂಮು ಬಾಡಿಗೆ ಅಂತ ಮಿತಿ ಇದೆ ಅನ್ನಿ. ನೀವು 6,000ದ ರೂಮಿನಲ್ಲಿ ಐದು ದಿನ ಇದ್ದಿರಿ. ಬಾಡಿಗೆ 30,000, ಡಾಕ್ಟರು, ಆಪರೇಷನ್ ಕೋಣೆ, ನರ್ಸು ಸೇರಿ 80,000, ಔಷಧಿ ಮತ್ತು ಪರೀಕ್ಷೆ 40,000, ಕೈಗವಸು ಮುಂತಾದ ಚಿಲ್ಲರೆ ಸಾಮಾನು 10,000. ಒಟ್ಟು ಒಂದು ಲಕ್ಷ ಅರವತ್ತು ಸಾವಿರ. ಬಾಡಿಗೆ ಮಿತಿಯ ಎರಡರಷ್ಟಾಯಿತಲ್ಲ, ಆದ್ದರಿಂದ ಕಂಪನಿ ಬಾಡಿಗೆಯಲ್ಲಿ ಅರ್ಧ ಮುರಿಯುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಡಾಕ್ಟರ 80,000ದಲ್ಲೂ ಅರ್ಧ ಮುರಿಯುತ್ತದೆ. ಚಿಲ್ಲರೆ ಸಾಮಾನಿಗೆ ಎಷ್ಟೋ ಪಾಲಿಸಿಗಳು ಕೊಡುವುದೇ ಇಲ್ಲ. ಬರುವುದು 15,000, 40,000, 40,000 ಸೇರಿ 95,000. ನಿಮ್ಮ ಜೇಬಿನಿಂದ 65,000. ಪಾಲಿಸಿಯಲ್ಲಿ ಶೇಕಡಾ 10 ನಿಮ್ಮ ಪಾಲು ಅಂತ ಬರೆದಿದ್ದರೆ ಇನ್ನೂ 9,500 ಹೋಗಿ ಒಟ್ಟು 74,500. ಅದೇ 3,000ದ ರೂಮಿನಲ್ಲಿದ್ದು ಉಳಿದದ್ದೆಲ್ಲ ಅಷ್ಟೇ ಆಗಿದ್ದರೆ, ಪಾಲಿನ ಷರತ್ತು ಇಲ್ಲದ ಪಾಲಿಸಿಯಲ್ಲಿ ನಿಮಗೆ ಬೀಳುತ್ತಿದ್ದದ್ದು ಹತ್ತು ಸಾವಿರ. ಒಂದು ಎ.ಸಿ. ರೂಮಿನ ಆಸೆಗೆ ಎಷ್ಟು ಕ್ವಿಂಟಾಲ್ ಜೋಳ ಹೋಯಿತು, ಎಣಿಸಿ ನೋಡಿ.

ಬಿಲ್ಲಿನ ವಿಷಯಕ್ಕೆ ಬರೋಣ. ಸೇರುವಾಗಲೇ ಅಂದಾಜು ಖರ್ಚು ಬರೆದು ಕೊಡಿ ಅನ್ನಿ. ಬಿಡುವಾಗ ಒಟ್ಟು ಮೊತ್ತದ ಚೀಟಿ ಸಾಲದು, ದಿನವಾರು ವಿವರದ ಬಿಲ್ಲು ಕೇಳಿ. ಎಷ್ಟು ದಿನ ಇದ್ದಿರಿ, ಎಷ್ಟು ದಿನ ಬರೆದಿದ್ದಾರೆ? ಒಂದೇ ಪರೀಕ್ಷೆ ಎರಡು ಸಲ ಇದೆಯೇ? ಬಳಸದೆ ಉಳಿದ ಔಷಧಿ ವಾಪಸ್ ಮಾಡಿದ್ದು ಕಳೆದಿದ್ದಾರೆಯೇ? ಔಷಧಿಯ ಬೆಲೆ ಡಬ್ಬಿಯ ಮೇಲೆ ಮುದ್ರಿಸಿದ್ದಕ್ಕಿಂತ ಹೆಚ್ಚಿದೆಯೇ? ಇಷ್ಟು ನೋಡಲು ಡಾಕ್ಟರಿಕೆ ಓದಬೇಕಿಲ್ಲ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಲಕ್ಷ ದಾಟಿಸಿ ಮಾರುತ್ತಿದ್ದ ಔಷಧಿ ಲೇಪಿತ ಸ್ಟೆಂಟು ತೆರಿಗೆ ಬಿಟ್ಟು 29,600ಕ್ಕೆ ಇಳಿಯಿತು. ಆಮೇಲೆ ಆ ಮಿತಿ ಸ್ವಲ್ಪ ಹೆಚ್ಚು ಕಡಿಮೆ ಆಗಿದೆ, ಆದರೆ ಮಿತಿ ಇದ್ದೇ ಇದೆ. ಸರ್ಕಾರ ಮನಸ್ಸು ಮಾಡಿದರೆ ಗರಿಷ್ಠ ಬೆಲೆ ಕಟ್ಟಬಲ್ಲದು ಅನ್ನುವುದಕ್ಕೆ ಇದೇ ಸಾಕ್ಷಿ. ಹಾಗಾದರೆ ನಮ್ಮ ಬೆಳೆಗೆ ಕನಿಷ್ಠ ಬೆಲೆ ಕೊಡಿಸಲು ಯಾಕೆ ಕೈ ನಡುಗುತ್ತದೆ?

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರದ್ದು. ಡಾಕ್ಟರುಗಳ ಮುಷ್ಕರದ ನಡುವೆ 2017ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಆಸ್ಪತ್ರೆ ತನ್ನ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕಟ್ಟಿದರೇ ಸರಿ ಅಂತ ಕೂರುವಂತಿಲ್ಲ. ಬಾಕಿಗಾಗಿ ಹೆಣ ತಡೆಯುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. ವಿಮೆ ಕಂಪನಿ ಕೈಕೊಟ್ಟರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅವರು ತಳ್ಳಿಹಾಕಿದರೆ, ಅಥವಾ 30 ದಿನವಾದರೂ ಉತ್ತರ ಕೊಡದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ನಮ್ಮ ಸ್ನೇಹಿತರಿಗೆ ಗೊತ್ತಿಲ್ಲದೆ ಮುಚ್ಚಿಹೋದ ಬಾಗಿಲು ಇದೇ. ಗೆಲ್ಲುತ್ತಿದ್ದರೋ ಇಲ್ಲವೋ, ತಟ್ಟಿ ನೋಡಬಹುದಿತ್ತು. ಬಿಲ್ಲು, ರಸೀದಿ, ಡಿಸ್ಚಾರ್ಜ್ ಚೀಟಿ, ವರದಿ, ಕಂಪನಿಯ ಪತ್ರ, ಇವನ್ನೆಲ್ಲ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.

ಕೊನೆಗೆ ಒಂದು ಮಾತು. ವಿಮೆ ಅಂದರೆ ಆರೋಗ್ಯ ಅಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾಕ್ಟರು, ಔಷಧಿ, ಯಂತ್ರ ಸರಿಯಾಗಿದ್ದರೆ ಅರ್ಧ ಬಿಲ್ಲು ಹುಟ್ಟುವುದೇ ಇಲ್ಲ. ಆ ಹೋರಾಟ ಬಿಡುವಂತಿಲ್ಲ. ಅದರ ಜೊತೆಗೆ ಚಳವಳಿ ಇನ್ನೂ ಮೂರು ಬೇಡಿಕೆ ಇಡಬೇಕು. ಎಕರೆ ಎಣಿಸಿ ರೈತನನ್ನು ಶ್ರೀಮಂತ ಮಾಡುವ ಅಳತೆ ಚಿಕಿತ್ಸೆಯ ವಿಷಯದಲ್ಲಿ ಹೋಗಬೇಕು. ಆಸ್ಪತ್ರೆಯ ದರಪಟ್ಟಿಯೂ ಬಿಲ್ಲೂ ಕನ್ನಡದಲ್ಲಿ ಇರಬೇಕು. ಪ್ರತಿ ಸೊಸೈಟಿಯ ಬಾಗಿಲಲ್ಲಿ ಯಶಸ್ವಿನಿಯ ಗಡುವು ಮತ್ತು ಆಸ್ಪತ್ರೆಗಳ ಪಟ್ಟಿ ಬರೆದ ಬೋರ್ಡು ಇರಬೇಕು.

ಬೋರ್ಡಿಗೆ ಸರ್ಕಾರವನ್ನು ಕಾಯಬೇಕಿಲ್ಲ. ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯನ್ನು ಕೇಳಿ: “ಈ ವರ್ಷದ ಯಶಸ್ವಿನಿಗೆ ಕೊನೇ ದಿನ ಯಾವತ್ತು ಸ್ವಾಮಿ? ನನ್ನ ಹೆಸರು ಅದರಲ್ಲಿ ಇದೆಯಾ?”