ಹಾಡುವವರಿಗೆ ಅನ್ನ ಹಾಕುವವರು ಯಾರು?

ಒಂದು ಬ್ಯಾಂಡ್ ನಾಲ್ಕು ಜನಕ್ಕೆ ಮಾತ್ರ ಗೊತ್ತಿರುವಾಗ ಆ ನಾಲ್ಕು ಜನಕ್ಕೂ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಅದೇ ಬ್ಯಾಂಡ್ ಸಿನಿಮಾಕ್ಕೆ ಹಾಡಿ, ನಾಲ್ಕು ಜನ ನಾಲ್ಕು ಲಕ್ಷ ಆದರು ಅನ್ನಿ. ಆಗ ಮೊದಲಿನವರದು ಒಂದೇ ಮಾತು: "ಇವರು ಮೊದಲಿನ ಹಾಗಿಲ್ಲ ಕಣ್ರೀ, ದುಡ್ಡಿನ ಹಿಂದೆ ಹೋದರು."

ರಾಕ್ ಬ್ಯಾಂಡುಗಳ ಲೋಕದಲ್ಲಿ ಇದು ಹಳೇ ಜಗಳ. ಹೊಸ ಜನರನ್ನು ಸೆಳೆಯಬೇಕೋ, ಮೊದಲಿಂದ ಜೊತೆಗಿದ್ದ ಅಭಿಮಾನಿಗಳನ್ನು ಮೆಚ್ಚಿಸಬೇಕೋ? ನಂಜನಗೂಡು, ತಿ. ನರಸೀಪುರದ ಕಡೆಯ ನಮಗೆ ಇದರಲ್ಲೇನು ಕೆಲಸ ಅನ್ನಿಸಬಹುದು. ನಮ್ಮ ಕಡೆ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್, ಇಲ್ಲಾ ಗಣಪತಿ ಹಬ್ಬದ ಆರ್ಕೆಸ್ಟ್ರಾ. ಗಿಟಾರು, ಡ್ರಮ್ಸು ಇಟ್ಟುಕೊಂಡು ತಾವೇ ಹಾಡು ಕಟ್ಟಿ ಹಾಡುವ ಗುಂಪುಗಳೆಲ್ಲ ಬೆಂಗಳೂರಿನ ಮಾತು.

ಆದರೆ ಈ ಜಗಳ ನಮ್ಮ ಮನೆ ಬಾಗಿಲಿಗೇ ಬಂದಿದೆ. ಇಂಥ ಬ್ಯಾಂಡ್ ಕಟ್ಟಿ ಹೆಸರು ಮಾಡಿದವರಲ್ಲಿ ಇಬ್ಬರು ನಮ್ಮ ಮೈಸೂರಿನ ಹುಡುಗರು. ಅವರಲ್ಲಿ ಒಬ್ಬರನ್ನು ಸಿನಿಮಾ ಮೂಲಕ ಹಳ್ಳಿ ಹಳ್ಳಿಗೆ ಮುಟ್ಟಿಸಿದ್ದು ನಮ್ಮ ಮಾದಪ್ಪನ ಹಾಡು.

ಒಂದೇ ಮನೆ, ಎರಡು ದಾರಿ

ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಮೊದಲು 'ಅಂತರಾಗ್ನಿ' ಅಂತ ಬ್ಯಾಂಡ್ ಕಟ್ಟಿದರು, ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್'. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶಿಶುನಾಳ ಶರೀಫರ ಪದ ಹಾಡಿದರು. 2008ರಲ್ಲಿ 'ಸೈಕೋ' ಚಿತ್ರಕ್ಕೆ ಸಂಗೀತ ಕೊಟ್ಟರು. ಸಿನಿಮಾದ ಕಥೆ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ, ಅದರಲ್ಲಿ ಅವರು ಹಾಡಿದ ಮಾದೇಶ್ವರನ ಹಾಡು ಮಾತ್ರ ಇವತ್ತಿಗೂ ಬೆಟ್ಟಕ್ಕೆ ಹೋಗುವ ಟೆಂಪೋಗಳಲ್ಲಿ ಕೇಳುತ್ತದೆ. 2010ರಲ್ಲಿ ಅವರ ಬ್ಯಾಂಡ್ ಇಂಗ್ಲೆಂಡಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಆಮೇಲೆ 'ಲವ್ ಮಾಕ್ಟೇಲ್', 2023ರಲ್ಲಿ 'ಆರ್ಕೆಸ್ಟ್ರಾ ಮೈಸೂರು'. ಸಿನಿಮಾ ಕೆಲಸ ಬರುತ್ತಲೇ ಇದೆ.

ಅವರ ತಮ್ಮ ವಾಸು ದೀಕ್ಷಿತ್. 2002ರಲ್ಲಿ ಶುರುವಾದ 'ಸ್ವರಾತ್ಮ' ಬ್ಯಾಂಡಿನ ಹಾಡುಗಾರ. ನಮ್ಮ ಜಾತ್ರೆಯ ಕೀಲುಕುದುರೆಯನ್ನೇ ಸೊಂಟಕ್ಕೆ ಕಟ್ಟಿಕೊಂಡು ರಾಕ್ ವೇದಿಕೆ ಮೇಲೆ ಕುಣಿದವರು. ಈ ಬ್ಯಾಂಡಿನ ದಾರಿ ಬೇರೆ. ತಮ್ಮದೇ ಹಾಡು, ತಮ್ಮದೇ ಆಲ್ಬಂ: 2009ರಲ್ಲಿ ಒಂದು, 2012ರಲ್ಲಿ ಒಂದು, 2018ರಲ್ಲಿ ಒಂದು. ಕಾಲೇಜು ಉತ್ಸವ, ನಗರದ ಸಂಗೀತ ಮೇಳ, ಅಲ್ಲಿ ಕಟ್ಟಿಕೊಂಡ ಅಭಿಮಾನಿ ಬಳಗ. ಆ ಬಳಗಕ್ಕೆ ಇವರ ಹಾಡುಗಳೆಂದರೆ ಪ್ರಾಣ.

ಈಗ ನಮ್ಮೂರ ಅರಳಿಕಟ್ಟೆಯಲ್ಲಿ ಕೂತವರನ್ನು ಕೇಳಿ. ಅಣ್ಣನ ಮಾದೇಶ್ವರನ ಹಾಡು ಗೊತ್ತಾ ಅಂದರೆ ಹಾಡಿಯೇ ತೋರಿಸುತ್ತಾರೆ. ತಮ್ಮನ ಬ್ಯಾಂಡಿನ ಹೆಸರು ಹೇಳಿದರೆ ಎಷ್ಟು ಕೈ ಮೇಲೇಳುತ್ತವೆ ಅಂತ ನಿಮಗೇ ಗೊತ್ತು.

ಹಾಗಂತ ಅಣ್ಣ ಸರಿ, ತಮ್ಮ ತಪ್ಪು ಅನ್ನುವ ತೀರ್ಪು ಕೊಡಲು ನಾನು ಕೂತಿಲ್ಲ. ನಾನು ಕೇಳುವುದು ಇಷ್ಟು: ಹೀಗೇ ಇರಬೇಕು, ಹೀಗೇ ಹಾಡಬೇಕು ಅಂತ ಹಾಡುವವರಿಗೆ ಹೇಳುವ ಹಕ್ಕು ಹಳೇ ಅಭಿಮಾನಿಗೆ ಎಲ್ಲಿಂದ ಬಂತು?

ಒಕ್ಕಲಿಗೆ ಹಕ್ಕಿತ್ತು, ಯಾಕೆಂದರೆ…

ಈ ಪ್ರಶ್ನೆಗೆ ಉತ್ತರ ರಾಕ್ ಸಂಗೀತದಲ್ಲಿ ಹುಡುಕುವುದಕ್ಕಿಂತ ನಮ್ಮ ಕಂಸಾಳೆಯವರ ಹತ್ತಿರ ಹುಡುಕುವುದು ಮೇಲು.

ಮಾದಪ್ಪನಿಗೆ ಹರಕೆ ಹೊತ್ತು ದೀಕ್ಷೆ ಪಡೆದ ದೇವರಗುಡ್ಡರು ಅವನ ಕಥೆ ಹಾಡುತ್ತಾ ಬಂದವರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಇನ್ನೊಂದು ತಾಳ. ನಂಜನಗೂಡು, ತಿ. ನರಸೀಪುರ, ಕೊಳ್ಳೇಗಾಲ, ಚಾಮರಾಜನಗರದ ಊರುಗಳಲ್ಲಿ ಇವರಿಗೆ ಒಕ್ಕಲು ಮನೆಗಳಿದ್ದವು. ಒಕ್ಕಲು ಅಂದರೆ ತಲೆತಲಾಂತರದಿಂದ ಮಾದಪ್ಪನಿಗೆ ನಡೆದುಕೊಂಡು ಬಂದ ಮನೆತನ. ಆ ಮನೆಯವರು ಹಾಡುವವರನ್ನು ಕರೆಸುತ್ತಿದ್ದರು, ಎಡೆ ಹಾಕುತ್ತಿದ್ದರು, ದವಸ ಅಳೆದು ಕೊಡುತ್ತಿದ್ದರು, ರಾತ್ರಿ ಪೂರ್ತಿ ಕೂತು ಕೇಳುತ್ತಿದ್ದರು. ಕಥೆ ಒಂದೊಂದು 'ಸಾಲು'. ಸಂಕಮ್ಮನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಹೀಗೆ ಬಾಯಿಂದ ಬಾಯಿಗೆ ಬಂದದ್ದನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ 'ಜನಪದ ಮಹಾಕಾವ್ಯ ಮಲೆಯ ಮಾದೇಶ್ವರ' ಅಂತ ಪುಸ್ತಕ ಮಾಡಿದರು. ಪುಸ್ತಕ ಆಗುವ ಎಷ್ಟೋ ತಲೆಮಾರು ಮೊದಲೇ ಅದು ಜಗಲಿ ಮೇಲೆ ಕೂತವರ ತಲೆಯಲ್ಲಿತ್ತು.

ಇವರೇ ನೋಡಿ ನಮ್ಮ ಕಡೆಯ ಹಳೇ ಅಭಿಮಾನಿಗಳು. ಇವರಿಗೆ ಹಾಡುವವರನ್ನು ಕೇಳುವ ಹಕ್ಕಿತ್ತು. ಯಾಕೆ? ಮೂರು ಕಾರಣ. ಹಾಡುವವರಿಗೆ ಅನ್ನ ಹಾಕಿದವರು ಇವರು. ಕಥೆ ಮುಗಿಯುವ ತನಕ ಎದ್ದಿದ್ದವರು ಇವರು. ಸಾಲು ಎಲ್ಲಿ ತಪ್ಪಿತು ಅಂತ ಗೊತ್ತಿದ್ದವರೂ ಇವರೇ.

ಈಗಿನ ಅಭಿಮಾನಿಯನ್ನು ಇದೇ ಮೂರು ತಕ್ಕಡಿಯಲ್ಲಿಟ್ಟು ತೂಗಿ. ಹಾಡು ಯೂಟ್ಯೂಬಿನಲ್ಲಿ ಬಿಟ್ಟಿ. ಒಂದು ಹಾಡು ಮುಗಿಯುವ ಮೊದಲೇ ಬೆರಳು ಮುಂದಿನದಕ್ಕೆ ಹೋಗಿರುತ್ತದೆ. ಮೊದಲಾದರೆ ಒಂದು ಕ್ಯಾಸೆಟ್ ಬೇಕೆಂದರೆ ನಂಜನಗೂಡಿನ ಅಂಗಡಿಗೆ ಹೋಗಿ ಕಾಸು ಕೊಟ್ಟು ತರಬೇಕಿತ್ತು, ಆ ಕಾಸಿನಲ್ಲಿ ಹಾಡಿದವರಿಗೂ ಒಂದಿಷ್ಟು ಪಾಲು ಸಿಗುವ ಆಸೆ ಇತ್ತು. ಈಗ ನಾವು ಕೊಡುವುದು ಒಂದು ಲೈಕು. ಡ್ರಮ್ಸ್ ಬಾರಿಸುವವರ ಮನೆ ಬಾಡಿಗೆ ಲೈಕಿನಿಂದ ಕಟ್ಟಲಾಗದು. ಸೌಂಡಿನವರಿಗೆ, ವ್ಯಾನಿನವರಿಗೆ, ಜೊತೆಗೆ ನುಡಿಸುವ ಐದಾರು ಜನಕ್ಕೆ ಕೊಡಲೇಬೇಕು. ಆ ದುಡ್ಡು ಸಿನಿಮಾದಿಂದ ಬರುತ್ತದೆ, ಕಂಪನಿಗಳ ಕಾರ್ಯಕ್ರಮದಿಂದ ಬರುತ್ತದೆ, ಶ್ರೀಮಂತರ ಮದುವೆ ರಿಸೆಪ್ಶನ್ನಿನಿಂದ ಬರುತ್ತದೆ.

ಆದ್ದರಿಂದ ನನ್ನ ಮಾತು ನೇರ. ಟಿಕೆಟ್ ತೆಗೆದುಕೊಳ್ಳದೆ, ಆಲ್ಬಂ ಕೊಳ್ಳದೆ, ಊರಿಗೆ ಕರೆಸದೆ, "ನೀನು ಸಿನಿಮಾಕ್ಕೆ ಹೋಗಬೇಡ" ಅನ್ನುವುದು ಅಭಿಮಾನವಲ್ಲ, ದಬ್ಬಾಳಿಕೆ. ಅನ್ನ ಹಾಕದವರು ಊಟದ ಮೆನು ಹೇಳಬಾರದು.

ವಾದ್ಯ ಬದಲಾದರೆ ಆಕಾಶ ಕಳಚಿ ಬೀಳುವುದಿಲ್ಲ

ಹಳೇ ಅಭಿಮಾನಿಗಳ ಇನ್ನೊಂದು ತಕರಾರು ವಾದ್ಯದ್ದು. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡೈಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಅವರ ಹಾಡು ಕೇಳಲೆಂದೇ ಬಂದ ಜನರಲ್ಲಿ ಹಲವರು ಕೂಗಾಡಿದರು. ಜಾನಪದ ಹಾಳಾಯಿತು ಅಂದರು. ಅದೇ ಡೈಲನ್ ಅವರಿಗೆ 2016ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂತು.

ಅಷ್ಟು ದೂರ ಯಾಕೆ? ಶರೀಫರ ತತ್ವಪದಗಳನ್ನು ನಮ್ಮ ಕಡೆಯ ಮನೆಮನೆಗೆ ಮುಟ್ಟಿಸಿದ್ದು ಸಿ. ಅಶ್ವತ್ಥ್. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. ಏಕತಾರಿ ಹಿಡಿದು ಭಜನೆಯಲ್ಲಿ ಹಾಡುತ್ತಿದ್ದ ಪದ ಅವರ ಕೈಯಲ್ಲಿ ಬೇರೆ ವಾದ್ಯ, ಬೇರೆ ಮೇಳ ಕಂಡಿತು. ಇವತ್ತು ನಾವು ಅದನ್ನೇ 'ಹಳೇ ರೀತಿ' ಅನ್ನುತ್ತೇವೆ. ಅದರ ಮುಂದೆ ರಘು ಅವರ ಗಿಟಾರು ಹೊಸದು. ಇನ್ನು ಇಪ್ಪತ್ತು ವರ್ಷಕ್ಕೆ ಅದೂ ಹಳೇ ರೀತಿಯೇ.

ಆದರೂ ಒಂದು ಹಕ್ಕು ಉಳಿಯುತ್ತದೆ

ಹಾಗಾದರೆ ಕಾಸು ಕೊಡದವರು ಬಾಯಿ ಮುಚ್ಚಿಕೊಂಡಿರಬೇಕಾ? ಇಲ್ಲ. ಅನ್ನ ಹಾಕದಿದ್ದರೂ ಕೇಳುವ ಹಕ್ಕಿರುವ ಒಬ್ಬರಿದ್ದಾರೆ: ಹಾಡು ಯಾರ ಮನೆಯಿಂದ ಬಂತೋ ಅವರು.

ಇದಕ್ಕೆ ಸಾಕ್ಷಿ ಕೋಲುಮಂಡೆ. ಕೋಲುಮಂಡೆ ಜಂಗಮನ ಹಾಡು ನಮ್ಮ ಮಾದಪ್ಪನ ಕಥೆಯ ಹಾಡು. 1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ 'ಜನುಮದ ಜೋಡಿ' ಚಿತ್ರದಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದರು. ಪಕ್ಕಾ ಕಮರ್ಷಿಯಲ್ ಸಿನಿಮಾ, ಶಿವರಾಜ್‌ಕುಮಾರ್ ಹೀರೋ. ನಮ್ಮ ಕಡೆಯ ಜನ ಅದನ್ನು ತಮ್ಮದೇ ಹಾಡು ಅಂತ ಎದೆಗಪ್ಪಿಕೊಂಡರು. ಜಾತ್ರೆಯ ಮೈಕಿನಲ್ಲಿ ಇವತ್ತಿಗೂ ಅದಿಲ್ಲದೆ ಬೆಳಗಾಗುವುದಿಲ್ಲ.

ಅದೇ ಕೋಲುಮಂಡೆಯನ್ನು 2020ರ ಆಗಸ್ಟಿನಲ್ಲಿ ರ‍್ಯಾಪರ್ ಚಂದನ್ ಶೆಟ್ಟಿ ಹೊಸದಾಗಿ ಮಾಡಿ ಬಿಟ್ಟರು. ಅದರಲ್ಲಿ ಸಂಕಮ್ಮನನ್ನು ತೋರಿಸಿದ ರೀತಿ ಮಾದಪ್ಪನ ಭಕ್ತರಿಗೆ ನೋವು ಕೊಟ್ಟಿತು. ವಿರೋಧ ಎದ್ದಿತು. ಅವರು ಕ್ಷಮೆ ಕೇಳಿದರು, ವಿಡಿಯೋ ಯೂಟ್ಯೂಬಿನಿಂದ ಹೋಯಿತು.

ಎರಡೂ ಹೆಚ್ಚು ಜನಕ್ಕೆ ಮುಟ್ಟಬೇಕು ಅಂತಲೇ ಮಾಡಿದ್ದು. ಎರಡರಲ್ಲೂ ದುಡ್ಡಿನ ಲೆಕ್ಕ ಇದ್ದೇ ಇತ್ತು. ಒಂದನ್ನು ಒಕ್ಕಲು ಒಪ್ಪಿತು, ಇನ್ನೊಂದನ್ನು ಒಪ್ಪಲಿಲ್ಲ. ಯಾಕೆಂದು ಸಂಕಮ್ಮನ ಸಾಲು ಕೇಳಿದ ಯಾರಾದರೂ ಹೇಳುತ್ತಾರೆ. ಆಕೆ ಗಂಡನ ಅನುಮಾನಕ್ಕೆ ಸಿಕ್ಕಿ, ಕಾಡಿನ ಗುಡಿಸಲಲ್ಲಿ ಒಬ್ಬಳೇ ನರಳಿದ ಹೆಣ್ಣು. ಆಕೆಗೆ ಆಸರೆಯಾಗಿ ಬಂದವನು ಮಾದಪ್ಪ. ಹೆಣ್ಣನ್ನು ಅನುಮಾನದ ಕಣ್ಣಿಂದ ನೋಡಿದ್ದೇ ಆ ಕಥೆಯ ದುಃಖ. ಅಂಥವಳನ್ನು ನೋಡುಗರ ಕಣ್ಣಿಗೆ ಒಡ್ಡಿ ಕುಣಿಸಿದರೆ ಕಥೆಯೇ ತಲೆಕೆಳಗಾಯಿತು. ರ‍್ಯಾಪ್ ಮಾಡಿದ್ದಕ್ಕೆ ಜನ ಬೇಸರ ಮಾಡಿಕೊಂಡರು ಅಂದುಕೊಂಡರೆ ತಪ್ಪು. ಸಾಲು ತಿಳಿಯದೆ ಹಾಡಿದರು ಅನ್ನುವುದೇ ಬೇಸರ.

ಹಾಗಾಗಿ ಹೊಸ ಜನ, ಹಳೇ ಜನ ಅನ್ನುವ ಜಗಳಕ್ಕಿಂತ ಈ ಪ್ರಶ್ನೆ ದೊಡ್ಡದು: ಹಾಡುವವರಿಗೆ ತಾವು ಹಾಡುತ್ತಿರುವುದು ಪೂರ್ತಿ ಗೊತ್ತಾ? ಗೊತ್ತಿದ್ದರೆ ಎಷ್ಟು ಲಕ್ಷ ಜನರ ಮುಂದೆ ಬೇಕಾದರೂ, ಯಾವ ವಾದ್ಯ ಹಿಡಿದಾದರೂ ಹಾಡಲಿ. ಗೊತ್ತಿಲ್ಲದಿದ್ದರೆ ಮೊದಲು ಒಂದು ರಾತ್ರಿ ಒಕ್ಕಲು ಮನೆಯ ಜಗಲಿಯಲ್ಲಿ ಕೂತು ಕೇಳಲಿ. ಬ್ಯಾಂಡಿನ ಹುಡುಗರಿಗೆ, ಹುಡುಗಿಯರಿಗೆ ನಮ್ಮ ಕಡೆಯಿಂದ ಇರುವ ಬೇಡಿಕೆ ಇದೊಂದೇ.

ಇನ್ನು ನಮ್ಮ ಪಾಲಿನದು

ಬ್ಯಾಂಡಿನವರಿಗೆ ಬುದ್ಧಿ ಹೇಳುವುದು ಸುಲಭ. ನಾವು ಕಂಸಾಳೆಯವರನ್ನು ಹೇಗೆ ನೋಡಿಕೊಳ್ಳುತ್ತಿದ್ದೇವೆ ಅಂತಲೂ ನೋಡಿಕೊಳ್ಳಬೇಕಲ್ಲ.

ಯಾವುದಾದರೂ ಊರಹಬ್ಬದ ಕರಪತ್ರ ತೆಗೆದು ಓದಿ. ಕಂಸಾಳೆಯವರು ಮೆರವಣಿಗೆಯಲ್ಲಿ, ಇಲ್ಲಾ ಗಣ್ಯರು ವೇದಿಕೆಗೆ ಬರುವಾಗ ಹತ್ತು ನಿಮಿಷ. ಕುಣಿತ ಬೇಕು, ಕಥೆ ಬೇಡ. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಪಾಡೂ ಅಷ್ಟೇ. ಆಮೇಲೆ ಭಾಷಣ. ಆಮೇಲೆ ರಸಮಂಜರಿ. ಚಂದಾ ದುಡ್ಡಿನ ದೊಡ್ಡ ಪಾಲು ಆರ್ಕೆಸ್ಟ್ರಾಕ್ಕೆ, ಲೈಟಿಗೆ. ಕಂಸಾಳೆಯವರಿಗೆ ಒಂದು ಶಾಲು, ಒಂದು ಹಾರ, ಬಸ್ ಚಾರ್ಜು. ಇಡೀ ರಾತ್ರಿ ಹಾಡಬಲ್ಲವರು ಹತ್ತು ನಿಮಿಷದ ಐಟಂ ಆಗಿದ್ದು ಅವರ ಆಸೆಯಿಂದಲ್ಲ, ನಮ್ಮ ಕರಪತ್ರದಿಂದ. ಅವರ ಮಗ ಬೀಸು ಕಂಸಾಳೆಯ ಕಸರತ್ತು ಮಾತ್ರ ಕಲಿತು ಸಾಲು ಕಲಿಯದಿದ್ದರೆ ಆ ಹುಡುಗನನ್ನು ಬೈಯುವ ಮುಖ ನಮಗಿಲ್ಲ.

ಆರ್ಕೆಸ್ಟ್ರಾ ಬೇಡ ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಹಾಡುವವರೂ ಹೊಟ್ಟೆಪಾಡಿನವರೇ, ರಾತ್ರಿ ವ್ಯಾನಿನಲ್ಲಿ ನಿದ್ದೆಗೆಟ್ಟು ಊರು ಸುತ್ತುವವರೇ. ನಮ್ಮ ಹುಡುಗರಿಗೆ ಕುಣಿಯುವ ಆಸೆ ಇರುತ್ತದೆ, ಇರಲಿ. ಇಬ್ಬರಿಗೂ ಜಾಗ ಮಾಡಬಹುದು.

ದಾರಿ ಹೀಗಿದೆ. ರಾತ್ರಿ ಹತ್ತಾದ ಮೇಲೆ ಮೈಕ್ ಹಾಕುವ ಹಾಗಿಲ್ಲ ಅನ್ನುವುದು ಕಾನೂನು. ಹಾಗಾಗಿ ರಸಮಂಜರಿ ಹತ್ತಕ್ಕೆ ಮುಗಿಯಬೇಕು. ಕಂಸಾಳೆಗೆ, ತಂಬೂರಿಗೆ ಮೈಕ್ ಬೇಕಿಲ್ಲ. ಆ ಹೊತ್ತಿಗೆ ದೇವಸ್ಥಾನದ ಪಡಸಾಲೆಯಲ್ಲಿ ಜಮಖಾನ ಹಾಸಿ, ಹಾಡುವವರಿಗೆ ಊಟ ಹಾಕಿ, ಒಂದು ಸಾಲು ಪೂರ್ತಿ ಹಾಡಿಸಿ. ನೂರು ಜನ ಬರದಿದ್ದರೆ ಇಪ್ಪತ್ತು ಜನ ಬರಲಿ. ಆ ಇಪ್ಪತ್ತು ಜನ ಬೆಳಗಿನ ತನಕ ಕೂತರೆ ಸಾಕು. ಆರ್ಕೆಸ್ಟ್ರಾಕ್ಕೆ ಕೊಟ್ಟಷ್ಟು ಆಗದಿದ್ದರೆ ಅದರ ಕಾಲು ಭಾಗ ಕೊಡಿ, ಆದರೆ ಶಾಲು ಹೊದಿಸಿ ಕಳಿಸಬೇಡಿ. ಕೂತವರಲ್ಲಿ ಗಿಟಾರ್ ಕಲಿಯುತ್ತಿರುವ ಕಾಲೇಜು ಹುಡುಗನೋ ಹುಡುಗಿಯೋ ಒಬ್ಬರಿದ್ದರೆ, ಮುಂದೆ ಅವರು ಮಾದಪ್ಪನ ಮೇಲೆ ಹಾಡು ಕಟ್ಟುವಾಗ ಸಂಕಮ್ಮ ಯಾರು ಅಂತ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆಯಂಥ ದೊಡ್ಡ ಜಾತ್ರೆಗಳ ಮಾತು ದೊಡ್ಡವರಿಗೆ ಬಿಡೋಣ. ನಿಮ್ಮೂರ ಹಬ್ಬದ ಸಮಿತಿ ನಿಮ್ಮ ಕೈಯಲ್ಲಿದೆ. ಈ ಸಲ ಚಂದಾ ಎತ್ತಿ ಖರ್ಚಿನ ಲೆಕ್ಕ ಬರೆಯುವಾಗ ಆರ್ಕೆಸ್ಟ್ರಾದ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಕಂಸಾಳೆ ಕಥೆ, ಇಡೀ ರಾತ್ರಿ. ಅದರ ಮುಂದೆ ಮರ್ಯಾದೆಯ ಒಂದು ಮೊತ್ತ ಬರೆಯಿರಿ.