ಬರದ ಕೂಲಿಯೋ, ಬಾಳಿನ ದುಡಿಮೆಯೋ?

ಹಸಿದ ಪ್ರಜೆಗೆ ಗಂಜಿ ಹಾಕುವದು ದಯೆ. ಪ್ರಜೆ ಹಸಿಯದಂತೆ ದುಡಿಮೆಯ ದಾರಿಯನ್ನು ತೆರೆದಿಡುವದು ರಾಜಧರ್ಮ. ಇವೆರಡರ ಅಂತರವನ್ನು ಅರಿಯಲು ಅರ್ಥಶಾಸ್ತ್ರದ ಗ್ರಂಥಗಳನ್ನು ತಿರುವಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಚರಿತ್ರೆಯನ್ನು ಅವಲೋಕಿಸಿದರೆ ಸಾಕು. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿಗೆಲ್ಲ ಕಾಳೆಂದು ಜನರು ಆಡಿಕೊಳ್ಳುವ ಎರೆಭೂಮಿ. ಇಷ್ಟಿದ್ದೂ ಮಳೆ ಒಂದು ವರ್ಷ ಮುನಿದರೆ ಹಳ್ಳಿ-ತಾಂಡೆಗಳ ಜನರು ಗಂಟು ಕಟ್ಟಿಕೊಂಡು ಗೋವೆಗೆ, ಪುಣೆ-ಮುಂಬಯಿಗಳಿಗೆ, ಬೆಂಗಳೂರಿಗೆ ಗುಳೆ ಹೋಗುವರು. ಮಹಾರಾಷ್ಟ್ರದ ಕಬ್ಬಿನ ಫಡಗಳಲ್ಲಿ ಕುಡುಗೋಲು ಹಿಡಿಯುವರು. ಕಾಯಕವನ್ನು ಪೂಜೆಯ ಪದವಿಗೇರಿಸಿದ ಬಸವಣ್ಣನವರ ಜನ್ಮಭೂಮಿಯಲ್ಲಿಯೇ ಜನಕ್ಕೆ ಕಾಯಕ ದೊರೆಯದೆಂದರೆ ಇದಕ್ಕಿಂತ ಖೇದಕರವಾದುದು ಯಾವುದು?

ಸರಕಾರವು ಈ ನಾಡಿನಲ್ಲಿ ಕೆಲಸ ಕೊಡತೊಡಗಿದ್ದು ನಿನ್ನೆ ಮೊನ್ನೆಯಲ್ಲ. ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಬರಕ್ಕೆ ಮುಂಚೆ, ಆಗ ಕಲಾದಗಿಯೆನಿಸಿದ್ದ ಈ ಜಿಲ್ಲೆಯಲ್ಲಿ ಎಂಟು ಲಕ್ಷಕ್ಕೆ ಮಿಕ್ಕಿದ ಜನರಿದ್ದರು. ೧೮೮೧ರ ಜನಗಣತಿಯ ಹೊತ್ತಿಗೆ ಆರೂವರೆ ಲಕ್ಷದಷ್ಟೂ ಉಳಿದಿರಲಿಲ್ಲ. ಆ ಬರದಲ್ಲಿ ಮುಂಬಯಿ ಸರಕಾರವು ಕಲ್ಲೊಡೆಯುವ, ಕೆರೆ ತೋಡುವ, ರಸ್ತೆ ಹಾಕುವ ಕೆಲಸಗಳನ್ನು ತೆರೆಯಿತು. ಆದರೆ ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬರು ಕೂಲಿಯನ್ನು ದಿನಕ್ಕೆ ಒಂದು ರತ್ತಲು ಧಾನ್ಯ, ಒಂದು ಆಣೆಗೆ ಇಳಿಸಿದರು. ಬೊಕ್ಕಸಕ್ಕೆ ಉಳಿತಾಯವಾಯಿತು; ಬೆವರಿಳಿಸುವ ದೇಹಕ್ಕೆ ಇದು ಸಾಲದೆಂದು ಇಲಾಖೆಯ ಅನೇಕ ಕಡೆ ಕೂಲಿಕಾರರು ಕೆಲಸವನ್ನೇ ಬಿಟ್ಟು ನಡೆದರು. ಅಂದು ಬಿದ್ದ ಪದ್ಧತಿ ಒಂದೇ: ಬರ ಬಂದರೆ ಕೆಲಸ ಬರುವದು, ಮಳೆ ಬಂದರೆ ಕೆಲಸ ಹೋಗುವದು. ೧೮೮೪ರಲ್ಲಿ ಹೊಟಗಿಯಿಂದ ಗದಗಿಗೆ ರೇಲ್ವೆ ಬಂದಿತು. ಇಂಡಿ-ಬಾಗೇವಾಡಿಗಳ ಮಗ್ಗುಲಿಗೆ ಹಾಯ್ದು ಹೋಯಿತು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳು ಇಂದಿಗೂ ರೇಲಿನ ಮುಖವನ್ನು ಕಂಡಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಕನ್ನಡ ಸೀಮೆಯಲ್ಲಿ ನಡೆದುದನ್ನು ವಾಚಕರು ನೆನೆಯಬೇಕು. ಮೈಸೂರು ಸಂಸ್ಥಾನವು ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ಹರಿಸಿತು. ವಿಶ್ವೇಶ್ವರಯ್ಯನವರ ದಿವಾಣಗಿರಿಯಲ್ಲಿ, ೧೯೧೩ರಲ್ಲಿ, ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆ ಉಸಿರಾಡಿತು. ಅಲ್ಲಿಯ ಸರಕಾರ ಉದ್ಯೋಗಕ್ಕೆ ಬುನಾದಿ ಹಾಕುತ್ತಿದ್ದಾಗ ಇಲ್ಲಿಯ ಸರಕಾರ ಬರಗಾಲದ ಖಡಿ ಒಡೆಸುತ್ತಿತ್ತು. ಎರಡೂ ಕಡೆಯ ಜನ ಒಂದೇ ನುಡಿಯವರು. ಬೇರೆಯಾದುದು ಸರಕಾರವು ತನ್ನ ಕರ್ತವ್ಯವನ್ನು ಎಷ್ಟು ದೂರ ಕಂಡಿತೆಂಬುದು.

೧೯೫೬ರ ನವೆಂಬರ ಒಂದರಂದು ನಾಡು ಒಂದಾಯಿತು. ಏಕೀಕರಣಕ್ಕಾಗಿ ಬೆವರು ಸುರಿಸಿದವರು ಭೂಪಟದ ಗೆರೆಯನ್ನಷ್ಟೇ ಬಯಸಿದ್ದಿಲ್ಲ. ಅನಾಥ ಸೀಮೆಗೆ ತಾಯಿಯ ಮನೆ ದೊರೆಯಲೆಂದು ಬಯಸಿದ್ದರು. ದೊರೆತುದೆಷ್ಟು? ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು; ಅಣೆಕಟ್ಟು ಮುಗಿದದ್ದು ೨೦೦೫ರಲ್ಲಿ. ಅಡಿಗಲ್ಲಿನ ದಿನ ಹುಟ್ಟಿದ ಕೂಸು ನಾಲ್ವತ್ತು ದಾಟಿತ್ತು. ಹಳೆಯ ಕೊಲ್ಹಾರದಂಥ ಊರುಗಳು ನಾಡಿಗಾಗಿ ನೀರಲ್ಲಿ ಮುಳುಗಿದವು. ಇತ್ತ ೨೦೦೨ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ ೧೧೪ ತಾಲೂಕುಗಳನ್ನು ಹಿಂದುಳಿದವೆಂದು ಎಣಿಸಿ, ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿ, ಎಂಟು ವರ್ಷಗಳಲ್ಲಿ ೩೧ ಸಾವಿರ ಕೋಟಿ ರೂಪಾಯಿಗಳ ಯೋಜನೆಯನ್ನು ಸೂಚಿಸಿತು. ಆ ಮೂವತ್ತೊಂಬತ್ತರಲ್ಲಿ ನಮ್ಮ ಈ ನಾಲ್ಕೂ ಇದ್ದವು! ೨೦೧೨ರಲ್ಲಿ ಸಂವಿಧಾನದ ೩೭೧(ಜೆ) ಕಲಮು ಬಂದಾಗ ಅದರ ರಕ್ಷಣೆ ಹಳೆಯ ಹೈದರಾಬಾದ ಸೀಮೆಗೆ ದೊರೆಯಿತು. ಅದು ನ್ಯಾಯವೇ, ನೆರೆಯವರ ಭಾಗ್ಯಕ್ಕೆ ನಾವು ಕರುಬುವವರಲ್ಲ. ಆದರೆ ಹಳೆಯ ಮುಂಬಯಿ ಸೀಮೆಯದೆಂಬ ಕಾರಣಕ್ಕೆ ಸಿಂದಗಿಯು ಹೊರಗುಳಿಯಿತು; ಬಡತನವು ಹಳೆಯ ಪ್ರಾಂತಗಳ ಗಡಿಯನ್ನು ನೋಡಿ ಬರುವದೇನು?

ದುಡಿಮೆಯ ಹಕ್ಕಿನ ಕಥೆಯೂ ಇಂಥದೇ. ೧೯೭೨ರ ಬರದಿಂದ ಪಾಠ ಕಲಿತ ಮಹಾರಾಷ್ಟ್ರವು ೧೯೭೭ರಲ್ಲಿ ಉದ್ಯೋಗ ಖಾತರಿಯ ಕಾಯಿದೆಯನ್ನು ಮಾಡಿತು. ಪಟ್ಟಣಿಗರ ಮೇಲೆ ವೃತ್ತಿಕರವನ್ನು ಹೇರಿ ಹಳ್ಳಿಗರ ಕೂಲಿಗೆ ಹಣ ಹೊಂದಿಸಿತು. ಅಂದಿನಿಂದ ಭೀಮೆಯ ಆಚೆಯ ದಂಡೆಯಲ್ಲಿ ಕೆಲಸ ಕೇಳುವದು ಹಕ್ಕು, ಈಚೆಯ ದಂಡೆಯಲ್ಲಿ ಬೇಡಿಕೆ! ೨೦೦೫ರಲ್ಲಿ ದೇಶಕ್ಕೆಲ್ಲ ವರ್ಷಕ್ಕೆ ನೂರು ದಿನಗಳ ಕಾಯಿದೆ ಬಂದಿತು. ಅದು ಜಾರಿಗೆ ಬಂದುದು ಮೂರು ಕಂತುಗಳಲ್ಲಿ. ಬರಕ್ಕೆ ತವರೆನಿಸಿದ ವಿಜಾಪುರ ಜಿಲ್ಲೆಯ ಸರದಿ ಬಂದುದು ಕೊನೆಯ ಕಂತಿನಲ್ಲಿ, ೨೦೦೮ರಲ್ಲಿ. ಈಗ ೨೦೨೫ರ ಡಿಸೆಂಬರದಲ್ಲಿ ಸಂಸತ್ತು ಅದರ ಸ್ಥಾನದಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ದಿನಗಳು ನೂರರಿಂದ ೧೨೫ಕ್ಕೆ ಏರಿವೆ. ಇದು ಸಂತೋಷದ ಮಾತು. ಆದರೆ ವೆಚ್ಚದಲ್ಲಿ ಶೇಕಡಾ ೪೦ರಷ್ಟನ್ನು ನಮ್ಮಂಥ ರಾಜ್ಯಗಳು ಹೊರಬೇಕು. ಬಿತ್ತನೆ-ಸುಗ್ಗಿಗಳ ಕಾಲಕ್ಕೆ ಅರವತ್ತು ದಿನಗಳವರೆಗೆ ಕೆಲಸವನ್ನು ತಡೆಹಿಡಿಯಬಹುದು. ಬಿತ್ತನೆಯೇ ಆಗದ ವರ್ಷದಲ್ಲಿ ಈ ತಡೆಯ ಗತಿಯೇನು? ರಾಜ್ಯದ ಪಾಲು ಬಾರದಿದ್ದರೆ ಕಾಗದದ ಮೇಲಿನ ೧೨೫ ದಿನಗಳಿಗೆ ಕೂಲಿ ಕೊಡುವವರಾರು? ದಿಲ್ಲಿಯೂ ಬೆಂಗಳೂರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಿರುವಾಗ ಇಂಡಿಯ ಕೂಲಿಕಾರನು ಸೊಲ್ಲಾಪುರದ ಬಸ್ಸು ಹತ್ತಿರುತ್ತಾನೆ.

“ಉದ್ಯೋಗ ಕೊಡುವದು ಸರಕಾರದ ಕೆಲಸವಲ್ಲ, ಬಂಡವಳಿಗರು ಕೊಡುವರು” ಎಂಬ ಮಾತು ಈಗ ಬಹಳ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಎಲ್ಲರಿಗೂ ಸರಕಾರಿ ಚಾಕರಿ ಕೊಡುವದು ಯಾವ ಸರಕಾರಕ್ಕೂ ಅಶಕ್ಯ. ಕೊಡಬೇಕೆಂದು ನಾವೂ ಹೇಳುವದಿಲ್ಲ. ಆದರೆ ನೀರಿಲ್ಲದ, ರೇಲಿಲ್ಲದ ಊರಿಗೆ ಬಂಡವಾಳ ತಾನಾಗಿ ನಡೆದು ಬಂದುದನ್ನು ಯಾರು ಕಂಡಿದ್ದಾರೆ? ಬಂದರೂ ಅದು ಜನಕ್ಕೆ ದುಡಿಮೆಯಾಗುವದೆಂಬ ಭರವಸೆಯೇನು? ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ ೨೪೦೦ ಮೆಗಾವಾಟಿನ ವಿದ್ಯುತ್ ಸ್ಥಾವರ ಎದ್ದಿತು. ಅದೂ ಬೇಕಾದುದೇ. ಆದರೆ ಅಂಥ ಸ್ಥಾವರವು ಕಟ್ಟುವಾಗ ಕೇಳುವಷ್ಟು ಕೈಗಳನ್ನು ನಡೆಯುವಾಗ ಕೇಳುವದಿಲ್ಲ. ದೊಡ್ಡ ಕಾರಖಾನೆಯೂ ಬಹುಜನರ ಉದ್ಯೋಗವೂ ಒಂದೇ ಅಲ್ಲವೆಂಬುದನ್ನು ಆಳುವವರು ಮರೆಯಲಾಗದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಬರ ಸಾರಿದ ಮೇಲೆ ಕೆಲಸ ಹುಡುಕುವ ಪದ್ಧತಿ ನಿಲ್ಲಬೇಕು. ಯಾವ ಹಳ್ಳಕ್ಕೆ ಒಡ್ಡು, ಯಾವ ಹೊಲಕ್ಕೆ ಬದು, ಯಾವ ಕೆರೆಯ ಹೂಳು ಎಂಬ ಯಾದಿಯು ಪ್ರತಿ ಪಂಚಾಯತಿಯಲ್ಲಿ ಮುಂಚಿತವಾಗಿಯೇ ಸಿದ್ಧವಿರಬೇಕು. ರಾಜ್ಯದ ಪಾಲಿನ ಹಣವನ್ನು ಅಯವ್ಯಯದಲ್ಲಿ ಬೇರೆಯಾಗಿ ತೆಗೆದಿಡಬೇಕು. ಎರಡನೆಯದಾಗಿ, ಕಾಲುವೆಯ ಉದ್ದವನ್ನು ಎಣಿಸುವದನ್ನು ಬಿಟ್ಟು, ಕೊನೆಯ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬುದನ್ನು ಎಣಿಸಬೇಕು. ನೀರು ಮುಟ್ಟಿದ ಹೊಲ ವರ್ಷವಿಡೀ ಕೂಲಿ ಕೊಡುವದು. ಅದಕ್ಕಿಂತ ದೊಡ್ಡ ಉದ್ಯೋಗ ಖಾತೆ ಬೇರೊಂದಿಲ್ಲ. ಮೂರನೆಯದಾಗಿ, ಬೆಳೆದುದನ್ನು ಇಲ್ಲಿಯೇ ಹಸನು ಮಾಡಿಸಬೇಕು. ಇಂಡಿಯ ಲಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು; ಆದರೆ ಪೇಟೆಯಲ್ಲಿ ಧಾರಣೆ ಕುಸಿದಾಗ ಹಣ್ಣಿನಿಂದ ರಸವನ್ನೋ ಉಪ್ಪಿನಕಾಯಿಯನ್ನೋ ಮಾಡುವ ಸಾಕಷ್ಟು ಯಂತ್ರಗಳು ಊರಲ್ಲಿರದಿದ್ದರೆ ಮನ್ನಣೆಯ ಪತ್ರ ಹೊಟ್ಟೆ ತುಂಬಿಸದು. ನಮ್ಮ ತೊಗರಿ ಕಲಬುರ್ಗಿಯ ಗಿರಣಿಗಳಿಗೂ ನಮ್ಮ ಒಣದ್ರಾಕ್ಷಿ ಸಾಂಗಲಿ-ತಾಸಗಾವದ ಪೇಟೆಗಳಿಗೂ ಹೋಗುತ್ತವೆ. ಅವುಗಳ ಹಿಂದೆಯೇ ನಮ್ಮ ಮಕ್ಕಳೂ ಹೋಗುತ್ತಾರೆ.

ನಾಲ್ಕು ತಾಲೂಕುಗಳು ಇಂದು ಒಡೆದು ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳೆಂದು ಹಲವಾಗಿವೆ. ಕಚೇರಿಗಳು ಹೆಚ್ಚಿದವು, ದುಡಿಮೆಯೂ ಹೆಚ್ಚಬೇಕು. ನಾಡಬಾಂಧವರೇ, ಮತ ಕೇಳಲು ಬಂದವರನ್ನು ಎಷ್ಟು ಕೊಟ್ಟಿರೆಂದು ಕೇಳಬೇಡಿರಿ. ಗುಳೆ ಹೋದವರಲ್ಲಿ ಎಷ್ಟು ಮಂದಿಯನ್ನು ಊರಿಗೆ ಮರಳಿಸಿದಿರೆಂದು ಕೇಳಿರಿ. ಬೀಗ ಜಡಿದ ಮನೆಗಳ ಬಾಗಿಲು ತೆರೆದ ದಿನವೇ ಈ ಸೀಮೆಯ ಪಾಲಿಗೆ ಏಕೀಕರಣವು ಪೂರ್ಣವಾಯಿತೆಂದು ತಿಳಿಯತಕ್ಕದ್ದು.