ರಂಪಕ್ಕೂ ಮುಂಚೆ ಏನಾಯಿತು?

ಮದುವೆಮನೆಯಲ್ಲಿ ಮಗುವೊಂದು ನೆಲಕ್ಕೆ ಬಿದ್ದು ಕಿರುಚತೊಡಗಿದರೆ ಸುತ್ತಲಿನವರ ಕಣ್ಣು ಮೊದಲು ಹೋಗುವುದು ತಾಯಿಯ ಕಡೆಗೆ. ‘ಮುದ್ದು ಮಾಡಿ ಕೆಡಿಸಿದ್ದಾಳೆ’, ‘ಎರಡು ಬಿಟ್ಟರೆ ಎಲ್ಲ ಸರಿಹೋಗುತ್ತೆ’. ವಾಲಗದ ಸದ್ದು ಆ ಮಗುವಿನ ಕಿವಿಗೆ ಹೇಗೆ ಬಡಿಯುತ್ತಿದೆ ಎಂದು ಯೋಚಿಸುವವರು ಕಡಿಮೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನಮಗೆ ಮಾಮೂಲೆನಿಸುವ ಸದ್ದು, ಬೆಳಕು, ಅಂಗಿಯ ಕತ್ತಿನ ಹಿಂದಿನ ಲೇಬಲ್ಲು ಕೂಡ ತಡೆಯಲಾಗದ ಹಿಂಸೆ. ಮಾತು ಬಾರದ ಮಗು ಅದನ್ನು ಹೇಳುವುದಾದರೂ ಹೇಗೆ? ಕಿರುಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ, ಹತ್ತಿರ ಬಂದವರನ್ನು ಕಚ್ಚುತ್ತದೆ.

ಇಂಥ ಮಕ್ಕಳ ಜತೆ ಕೆಲಸ ಮಾಡುವವರು ಪೋಷಕರಿಗೆ ಒಂದು ನೋಟ್‌ಬುಕ್ ಇಡಲು ಹೇಳುತ್ತಾರೆ. ರಂಪಕ್ಕೂ ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ ಎಂದು ಬರೆಯಬೇಕು, ಅಷ್ಟೇ. ನನಗೆ ಗೊತ್ತಿರುವ ಸರ್ಕಾರಿ ಶಾಲೆಯೊಂದರಲ್ಲಿ ಎರಡನೇ ತರಗತಿಯ ಹುಡುಗ ಮಧ್ಯಾಹ್ನವಾದರೆ ಕಚ್ಚುತ್ತಿದ್ದ, ಗೇಟಿನಾಚೆ ಓಡುತ್ತಿದ್ದ. ಮೇಡಂ ಬರೆದಿಟ್ಟು ನೋಡಿದಾಗ ಕಾರಣ ಸಿಕ್ಕಿತು: ಬಿಸಿಯೂಟಕ್ಕೆ ಮಕ್ಕಳು ಸ್ಟೀಲ್ ತಟ್ಟೆ ಎಳೆದುಕೊಳ್ಳುವ ಗಲಾಟೆ. ಈಗ ಅವನಿಗೆ ಸ್ವಲ್ಪ ಮೊದಲೇ, ಜಗಲಿಯ ತುದಿಯಲ್ಲಿ ಊಟ, ಪಕ್ಕದಲ್ಲೊಬ್ಬ ಗೆಳೆಯ. ಗೋಡೆಗೆ ಪ್ರಾರ್ಥನೆ, ಪಾಠ, ಊಟ, ಆಟ, ಮನೆ ಎಂದು ಸಾಲಾಗಿ ಚಿತ್ರಗಳನ್ನು ತೂಗುಹಾಕಿದ್ದಾರೆ. ಒಂದೊಂದು ಮುಗಿದಂತೆ ಅವನೇ ಹೋಗಿ ಆ ಚಿತ್ರವನ್ನು ಮಗುಚಿ ಬರುತ್ತಾನೆ. ಮುಂದೇನು ಎಂಬುದು ಗೊತ್ತಿದ್ದರೆ ಅವನಿಗೆ ಅರ್ಧ ಭಯ ಕಳೆದ ಹಾಗೆ. ಕಚ್ಚುವುದು ಪೂರ್ತಿ ನಿಂತಿಲ್ಲ, ಓಡಿಹೋಗುವುದು ನಿಂತಿದೆ. ಇದಕ್ಕೆ ದುಡ್ಡು ಬೇಕಾಗಲಿಲ್ಲ, ಗಮನಿಸುವ ಒಬ್ಬ ಶಿಕ್ಷಕಿ ಬೇಕಾದರು.

ಅಂಥ ಶಿಕ್ಷಕರನ್ನು ತಯಾರು ಮಾಡುವುದರಲ್ಲೇ ನಾವು ಹಿಂದೆ ಬಿದ್ದಿರುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಕಾಯ್ದೆಯ 7 ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿ, ಆಟಿಸಂ ಮತ್ತು ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಒಂದೆಡೆ ಕೂರಲಾಗದ, ಗಮನ ನಿಲ್ಲದ ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಆ ಮಕ್ಕಳು ತರಗತಿಯಲ್ಲಿ ಇವತ್ತಿಗೂ ‘ತಂಟೆಕೋರರು’. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ನಮ್ಮಲ್ಲಿ ಇಡೀ ಬ್ಲಾಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು; ಊರಿಂದೂರಿಗೆ ಅಲೆದು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಅವರೇ ಹೋಗಬೇಕು.

‘ನಿಮ್ಮ ಮಗನನ್ನು ಸಂಭಾಳಿಸೋಕಾಗಲ್ಲ, ಟಿಸಿ ತಗೊಂಡು ಹೋಗಿ’ ಎಂಬ ಮಾತು ಕೇಳಿಸಿಕೊಂಡು ಬಂದ ತಾಯಂದಿರು ಬಹಳ. ಅವರಿಗೆ ಇಷ್ಟು ಗೊತ್ತಿರಲಿ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ, ಆ ಕಾಗದ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿ.